ಕೊರಳಿನಿಂದ ಇಳಿದ ಕಂಚು

ಮೂಳೆ ಆಸ್ಪತ್ರೆಯ ಕೆಳ ಅಂತಸ್ತಿನಲ್ಲಿ, ಎಕ್ಸ್‌ರೇ ಕೋಣೆಯ ಪಕ್ಕ, ಸದಾ ಒದ್ದೆ ಸುಣ್ಣದಂಥ ವಾಸನೆಯಿರುವ ಒಂದು ಕೋಣೆಯಿದೆ. ಅದು ಪ್ಲಾಸ್ಟರ್ ಕೋಣೆ. ಅಲ್ಲಿ ಕೆಲಸ ಮಾಡುವ ಹೆಂಗಸನ್ನು ಮಕ್ಕಳು ಪ್ಲಾಸ್ಟರ್ ಅಕ್ಕ ಎನ್ನುತ್ತಾರೆ. ಕೇಳಿ ಕೇಳಿ ದೊಡ್ಡವರಿಗೂ ಅದೇ ರೂಢಿಯಾಗಿದೆ. ಮುರಿದ ಕೈಗೆ ಮೊದಲು ಹತ್ತಿ ಸುತ್ತುತ್ತಾಳೆ. ಆಮೇಲೆ ಪಟ್ಟಿಯ ಸುರುಳಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಮುಳುಗಿಸಿ, ಗುಳ್ಳೆ ಏಳುವುದು ನಿಂತ ಮೇಲೆ ಹಿಂಡಿ, ಗಟ್ಟಿಯಾಗುವ ಮೊದಲೇ ಸರಸರನೆ ಸುತ್ತಿ ಮುಗಿಸುತ್ತಾಳೆ. ಅಂಗೈಯಿಂದಲೇ ಸವರುತ್ತಾಳೆ, ಬೆರಳ ತುದಿ ಒತ್ತುವುದಿಲ್ಲ. ಬೆರಳೊತ್ತಿದ ಕಡೆ ಬೀಳುವ ಗುಳಿ ಒಣಗಿದ ಮೇಲೆ ಒಳಗಿನ ಚರ್ಮವನ್ನು ಕೊರೆಯುತ್ತದೆ. ಮೂಳೆ ಕೂಡಿದ ಮೇಲೆ ಅದನ್ನು ಕತ್ತರಿಸಿ ತೆಗೆಯುವವಳೂ ಅವಳೇ. ಗರಗಸದ ಸದ್ದಿಗೆ ಮಕ್ಕಳು ಹೆದರಿ ಅತ್ತರೆ, ಅದುರುವ ಅಲಗನ್ನು ತನ್ನ ಅಂಗೈಗೇ ತಾಗಿಸಿ ತೋರಿಸುತ್ತಾಳೆ.

"ನೋಡು ಮರಿ, ಇದು ನಡುಗುತ್ತೆ ಅಷ್ಟೇ, ಕಚ್ಚಲ್ಲ. ನಮ್ಮ ದೊಡ್ಡ ಡಾಕ್ಟರ ಹಾಗೆ."

ದೊಡ್ಡ ಡಾಕ್ಟರು ಪಕ್ಕದಲ್ಲೇ ಇದ್ದರೂ ಈ ಮಾತು ಬರುತ್ತದೆ. ಅವರು ಕೇಳಿಸದವರಂತೆ ಇರುತ್ತಾರೆ.

ಇವಳು ಒಂದು ಕಾಲಕ್ಕೆ ಜಗತ್ತಿನ ಅತಿ ದೊಡ್ಡ ಕ್ರೀಡಾಕೂಟದಲ್ಲಿ ಓಡಿ ಕಂಚು ಗೆದ್ದವಳು. ನಾಲ್ವರು ಹೆಂಗಸರ ರಿಲೇ ಓಟ; ಒಬ್ಬೊಬ್ಬಳಿಗೆ ಮೈದಾನದ ಒಂದು ಸುತ್ತು. ತಂಡದ ತರಬೇತುದಾರರು ಯಾರನ್ನೂ ಹೆಸರು ಹಿಡಿದು ಕರೆದವರಲ್ಲ. ಓಡುವ ಸರದಿಯೇ ಅವರಿಗೆ ಹೆಸರು: ಮೊದಲನೆಯವಳು, ಎರಡನೆಯವಳು, ಮೂರನೆಯವಳು, ಕೊನೆಯವಳು. ಇವಳು ಮೂರನೆಯವಳು. ಮುಂದೆ ಮದುವೆಯಾದಾಗ ಬಸ್ ಕಂಡಕ್ಟರ್ ಗಂಡನಿಗೂ ಆ ಹೆಸರೇ ಹಿಡಿಸಿತು. "ಏನೇ ಮೂರನೆಯವಳೇ," ಎಂದು ಬೀದಿಯಲ್ಲಿ ಕರೆದು, ಕೇಳಿದವರು ತಿರುಗಿ ನೋಡಿದಾಗ, "ಮೊದಲ ಇಬ್ಬರು ಎಲ್ಲಿ ಅಂತ ಕೇಳ್ಬೇಡಿ," ಎಂದು ನಗುತ್ತಿದ್ದ.

ಅವಳು ಕೂಸಾಗಿದ್ದಾಗಲೇ ಅಪ್ಪ ತೀರಿಕೊಂಡಿದ್ದ. ಅಮ್ಮನದು ಬೀದಿಯ ಮೂಲೆಯಲ್ಲಿ ಇಸ್ತ್ರಿ ಅಂಗಡಿ. ಒಗೆದ ಬಟ್ಟೆಯ ಗಂಟುಗಳನ್ನು ಮನೆಮನೆಗೆ ಮುಟ್ಟಿಸುತ್ತ ಮಗಳು ಓಡುವುದನ್ನು ಕಲಿತಳು. ಯಾರೋ ಶಾಲೆಯ ಮೇಷ್ಟ್ರು ಅದನ್ನು ಕಂಡು ಮೈದಾನಕ್ಕೆ ಕರೆದೊಯ್ದರು. ಮೈದಾನದಲ್ಲಿ ಸಿಕ್ಕ ಮೊದಲ ಗೆಳತಿಯೇ ಕೊನೆಯವಳು. ಇಬ್ಬರೂ ಒಂದೇ ಕೋಣೆಯಲ್ಲಿ ಮಲಗಿ, ಒಂದೇ ತಟ್ಟೆಯಲ್ಲಿ ಉಂಡು ಬೆಳೆದರು. ಮೂರನೆಯವಳು ಬೇಟನ್ ಚಾಚಿದರೆ ಕೊನೆಯವಳು ಹಿಂದಿರುಗಿ ನೋಡುತ್ತಿರಲಿಲ್ಲ; ಹಿಂದಕ್ಕೆ ನೀಡಿದ ಅಂಗೈಗೆ ಆ ಕೋಲು ಬಂದೇ ಬರುತ್ತದೆ ಎಂಬ ನಂಬಿಕೆ. ಸೋದರತ್ತೆ, ಚಿಕ್ಕಮ್ಮಂದಿರ ಮಕ್ಕಳ ನಡುವೆಯೂ ಅಂಥ ನಂಟು ಅಪರೂಪ.

ಕೂಟದ ಮೊದಲ ದಿನದ ಮೆರವಣಿಗೆಯನ್ನು ಅವಳು ಎಷ್ಟೋ ವರ್ಷ ಎಲ್ಲರಿಗೂ ಹೇಳುತ್ತಿದ್ದಳು. ದೇಶಗಳು ಅಕ್ಷರಮಾಲೆಯ ಸಾಲಿನಲ್ಲಿ ಒಂದೊಂದಾಗಿ ಒಳಗೆ ಬರುತ್ತವೆ, ಕೂಟ ನಡೆಸುವ ದೇಶ ಎಲ್ಲರಿಗಿಂತ ಕೊನೆಗೆ. ಕೆಲವು ದೇಶಗಳಿಂದ ಮುನ್ನೂರು ಜನ. ಇನ್ನು ಕೆಲವಕ್ಕೆ ಬಾವುಟ ಹಿಡಿದವನೇ ತಂಡ, ತಂಡವೇ ಅವನು. ಜನ ಅಂಥವನಿಗೇ ಹೆಚ್ಚು ಚಪ್ಪಾಳೆ ತಟ್ಟುತ್ತಾರೆ. ಆಮೇಲೆ ಜ್ಯೋತಿ ಬರುತ್ತದೆ, ಕೂಟ ಮುಗಿಯುವ ತನಕ ಅದು ಆರುವಂತಿಲ್ಲ. ಎಲ್ಲ ಆಟಗಾರರ ಪರವಾಗಿ ಒಬ್ಬರು ಬಾವುಟದ ಅಂಚು ಹಿಡಿದು ಪ್ರಮಾಣ ಮಾಡುತ್ತಾರೆ: ನಿಯಮ ಮೀರುವುದಿಲ್ಲ, ಮೋಸ ಮಾಡುವುದಿಲ್ಲ, ಮದ್ದಿನ ಬಲದಿಂದ ಆಡುವುದಿಲ್ಲ. "ಸಾವಿರಾರು ಜನ ಇದ್ರೂ ಆಗ ಒಂದು ಕೆಮ್ಮಿನ ಸದ್ದೂ ಇರ್ಲಿಲ್ಲ," ಎನ್ನುತ್ತಿದ್ದಳು.

ಫೈನಲ್ ದಿನ, ಮೈದಾನಕ್ಕೆ ಬಿಡುವ ಮುನ್ನ, ಎಂಟು ತಂಡಗಳನ್ನೂ ಒಂದೇ ಕೋಣೆಯಲ್ಲಿ ಕೂರಿಸಿದ್ದರು. ಯಾರೂ ಯಾರ ಮುಖವನ್ನೂ ನೋಡದ ಕೋಣೆ ಅದು. ಬೂಟಿನ ಮೊಳೆಗಳನ್ನು, ಎದೆಯ ಮೇಲಿನ ಸಂಖ್ಯೆಯನ್ನು ಅಧಿಕಾರಿಗಳು ಪರೀಕ್ಷಿಸಿದರು. ಎದುರಿನ ಬೆಂಚಿನಲ್ಲಿ ಬೇರೊಂದು ದೇಶದ ಮೂರನೇ ಓಟಗಾರ್ತಿ ಕೂತಿದ್ದಳು. ಹಣೆಯ ಮೇಲೆ ಹಳೇ ಗಾಯದ ಗೆರೆಯಿದ್ದ ಉದ್ದನೆಯ ಹುಡುಗಿ. ಅವಳೊಬ್ಬಳು ತಲೆಯೆತ್ತಿ ಸಣ್ಣಗೆ ನಕ್ಕಳು.

ಓಟದಲ್ಲಿ ನಮ್ಮವಳ ಕೈಗೆ ಬೇಟನ್ ಬಂದಾಗ ತಂಡ ಐದನೆಯ ಸ್ಥಾನದಲ್ಲಿತ್ತು. ಅವಳು ಬದುಕಿನಲ್ಲಿ ಅದಕ್ಕೆ ಮೊದಲೂ ಆಮೇಲೂ ಹಾಗೆ ಓಡಿದ್ದಿಲ್ಲ. ಎದುರಿನ ನೇರ ದಾರಿಯಲ್ಲಿ ಒಬ್ಬಳನ್ನು ಹಿಂದಿಕ್ಕಿದಳು, ಕೊನೆಯ ತಿರುವಿನಲ್ಲಿ ಆ ಗಾಯದ ಗೆರೆಯವಳ ಭುಜಕ್ಕೆ ಭುಜ ಕೊಟ್ಟು ಓಡಿದಳು. ಇಬ್ಬರೂ ಹೆಚ್ಚುಕಡಿಮೆ ಒಟ್ಟಿಗೇ ಬೇಟನ್ ದಾಟಿಸಿದರು. ಕೊನೆಯವಳು ಆ ತಂಡದವಳಿಗಿಂತ ಒಂದು ಎದೆಯಷ್ಟು ಮುಂದೆ ಗೆರೆ ದಾಟಿದಳು. ಫೋಟೋ ನೋಡಿ ತೀರ್ಪು ಕೊಡಬೇಕಾಯಿತು. ಪರದೆಯ ಮೇಲೆ ಮೂರನೆಯ ಸಾಲಿನಲ್ಲಿ ತಮ್ಮ ದೇಶದ ಹೆಸರು ಬಂದಾಗ ನಾಲ್ವರೂ ಒಬ್ಬರ ಮೇಲೊಬ್ಬರು ಬಿದ್ದು ಅತ್ತರು. ಅತ್ತ ಆ ಗೆರೆಯವಳು ಬೂಟು ಬಿಚ್ಚಿ ಕೈಯಲ್ಲಿ ಹಿಡಿದು, ಓಟದ ಹಾದಿಯ ಮೇಲೆಯೇ ಕೂತಿದ್ದಳು. ಅಧಿಕಾರಿಗಳು ಬಂದು ಎಬ್ಬಿಸುವವರೆಗೂ ಏಳಲಿಲ್ಲ.

ಅಮ್ಮ ಇದನ್ನೆಲ್ಲ ಇಸ್ತ್ರಿ ಅಂಗಡಿಯ ಸಣ್ಣ ಟಿವಿಯಲ್ಲಿ ನೋಡಿದಳು. ಅಂದು ಯಾರದೋ ಅಂಗಿಯ ಬೆನ್ನು ಸುಟ್ಟು ಕರಕಲಾಯಿತು. ಅಂಗಿಯವನು ಬಂದಾಗ ಅಮ್ಮ ತಪ್ಪೊಪ್ಪಿಕೊಳ್ಳುವ ಬದಲು, "ನನ್ನ ಮಗಳು ಪೀಠ ಹತ್ತಿದ್ಲು ಕಣಪ್ಪ, ನಿನ್ನ ಅಂಗಿಗೂ ಅದೇ ಗುರುತು," ಎಂದಳಂತೆ. ಅವನು ಆ ಅಂಗಿಯನ್ನು ಹಾಗೇ ತೊಟ್ಟು ಬೀದಿ ಸುತ್ತಿದ.

ಪದಕ ಮನೆಗೆ ಬಂದ ಮೇಲೆ ಅದು ಅಮ್ಮನದಾಯಿತು. ಗಾಜಿನ ಬಾಗಿಲ ಕಪಾಟಿನಲ್ಲಿ ಅದಕ್ಕೊಂದು ಅರೆ. ಮನೆಗೆ ಬಂದವರು ನೀರು ಕುಡಿಯುವ ಮೊದಲು ಪದಕ ನೋಡಬೇಕು. ಗ್ಯಾಸ್ ಸಿಲಿಂಡರ್ ತಂದವನಿಗೂ ಬಿಡುಗಡೆ ಇರಲಿಲ್ಲ. ಪದಕದ ಪಟ್ಟಿಗೆ ಅಮ್ಮ ವರ್ಷಕ್ಕೊಮ್ಮೆ, ತೆಳುವಾದ ಬಟ್ಟೆ ಮೇಲೆ ಹಾಸಿ, ಹದವಾದ ಬಿಸಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಮಗಳ ಮಂಡಿ ಹಾಳಾಗಿ ಓಟ ನಿಂತಾಗಲೂ, ಅದೇ ಮಂಡಿಯ ಚಿಕಿತ್ಸೆಗೆ ಹೋದ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಕೆಲಸ ಕಲಿತು ಅಲ್ಲೇ ನೌಕರಿ ಹಿಡಿದಾಗಲೂ, ಅಮ್ಮನ ಪಾಲಿಗೆ ಅವಳು ಓಟಗಾರ್ತಿಯೇ. ಬೇರೆಲ್ಲ ಹೊಟ್ಟೆಪಾಡು.

ಹೀಗೆ ಎಂಟೊಂಬತ್ತು ವರ್ಷ ಕಳೆದವು. ಒಂದು ಬೆಳಿಗ್ಗೆ ಒಬ್ಬ ಮುದುಕಿಯ ಮಣಿಕಟ್ಟಿಗೆ ಪಟ್ಟಿ ಸುತ್ತುತ್ತಿದ್ದಾಗ ಫೋನು ಬಡಿದುಕೊಂಡಿತು. ಒದ್ದೆ ಪಟ್ಟಿ ಕೈಯಲ್ಲಿರುವಾಗ ಯಾವ ಫೋನೂ ಎತ್ತುವಂತಿಲ್ಲ. ಮುಗಿಸಿ, ಕೈ ತೊಳೆದು ನೋಡಿದರೆ ಓಟಗಾರರ ಸಂಘದ ಕಾರ್ಯದರ್ಶಿ.

"ನೋಡಮ್ಮಾ, ಫೋನಲ್ಲಿ ಹೇಳೋ ವಿಷಯ ಅಲ್ಲ. ಆದ್ರೂ ಬೇರೆಯವರಿಂದ ಕೇಳೋ ಮೊದಲು ನಾನೇ ಹೇಳ್ತೀನಿ. ಆವಾಗ ನಿಮ್ಮೆಲ್ಲರ ಮೂತ್ರದ ಮಾದರಿ ತಗೊಂಡಿದ್ರಲ್ಲ, ಅದನ್ನ ಇಷ್ಟು ವರ್ಷ ಹೆಪ್ಪುಗಟ್ಟಿಸಿ ಇಟ್ಟಿದ್ರು. ಈಗ ಹೊಸ ವಿಧಾನದಲ್ಲಿ ಮತ್ತೆ ಪರೀಕ್ಷೆ ಮಾಡಿದ್ದಾರೆ. ಒಂದ್ರಲ್ಲಿ ಮದ್ದು ಸಿಕ್ಕಿದೆ."

"ಯಾರದ್ರಲ್ಲಿ ಸರ್?"

"ಕೊನೆಯವಳದ್ರಲ್ಲಿ. ಅದೇ ಮಾದರೀನ ಖಚಿತ ಮಾಡ್ಕೊಳ್ಳೋಕೆ ಬೇರೆ ಇಟ್ಟಿದ್ದ ಎರಡನೇ ಬಾಟ್ಲೀನೂ ನೋಡಿ ಆಯ್ತು. ಅನುಮಾನ ಇಲ್ಲ."

ಅವಳು ತೊಳೆದ ಕೈಯನ್ನು ಮತ್ತೊಮ್ಮೆ ಒರೆಸಿಕೊಂಡಳು.

"ರಿಲೇ ಅಂದ್ರೆ ಗೊತ್ತಲ್ಲಮ್ಮಾ. ಒಬ್ರು ತಪ್ಪಿದ್ರೆ ನಾಲ್ಕೂ ಜನ ತಪ್ಪಿದ ಹಾಗೆ. ಪದಕ ವಾಪಸ್ ಕೊಡ್ಬೇಕಾಗುತ್ತೆ."

ಆ ದಿನ ಉಳಿದ ಕೆಲಸವನ್ನು ಹೇಗೆ ಮುಗಿಸಿದಳೋ ಅವಳಿಗೇ ಗೊತ್ತಿಲ್ಲ. ಸಂಜೆ ಹಿಂದಿರುಗುವಷ್ಟರಲ್ಲಿ ಸುದ್ದಿ ಅವಳಿಗಿಂತ ಮೊದಲು ಮನೆ ತಲುಪಿತ್ತು. ಅಮ್ಮ ಕಪಾಟಿನ ಮುಂದೆ ಕುರ್ಚಿ ಹಾಕಿಕೊಂಡು ಕಾವಲುಗಾರ್ತಿಯಂತೆ ಕೂತಿದ್ದಳು.

"ಕೊಡಲ್ಲ," ಎಂದಳು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋ ನ್ಯಾಯ ಇದು. ಉಪ್ಪು ತಿಂದವಳು ನೀರು ಕುಡೀಲಿ. ನನ್ನ ಮಗಳ ಬಾಯಿ ಯಾಕೆ ಒಣಗ್ಬೇಕು? ನೀನು ತಿಂದ್ಯಾ ಮದ್ದು?"

"ಇಲ್ಲಮ್ಮ."

"ನಿನ್ನ ಸುತ್ತು ನೀನು ಓಡಿದ್ಯೋ ಇಲ್ವೋ?"

"ಓಡ್ದೆ."

"ಮುಗೀತಲ್ಲ. ಬರೋರು ಬರ್ಲಿ, ನನ್ನ ದಾಟ್ಕೊಂಡು ಹೋಗ್ಲಿ."

ಗಂಡ ಎಂದಿನ ಹಾಗೆ ತಮಾಷೆ ಮಾಡಲು ಬಾಯಿ ತೆರೆದವನು ಹೆಂಡತಿಯ ಮುಖ ನೋಡಿ ಮುಚ್ಚಿಕೊಂಡ. ಎದ್ದು ಹೋಗಿ ಅನ್ನಕ್ಕೆ ಇಟ್ಟ.

ಮುಂದಿನ ದಿನಗಳಲ್ಲಿ ಉಳಿದಿಬ್ಬರು ಫೋನು ಮಾಡಿದರು. ಮೊದಲನೆಯವಳು, "ನನ್ನದು ಮನೆ ಬದಲಾಯಿಸುವಾಗ ಕಳೆದುಹೋಯ್ತು ಅಂತ ಹೇಳ್ಬಿಟ್ಟೆ, ನೀನೂ ಏನಾದ್ರೂ ಹೇಳು," ಎಂದಳು. ಎರಡನೆಯವಳು ವಕೀಲರನ್ನು ಹಿಡಿದಿದ್ದಳು. ಆಸ್ಪತ್ರೆಯಲ್ಲಿ ಎಲ್ಲರೂ ಮೊದಲಿಗಿಂತ ಮೆತ್ತಗೆ ಮಾತಾಡತೊಡಗಿದರು. ಅದು ಅವಳಿಗೆ ಬೈಗುಳಕ್ಕಿಂತ ಭಾರವಾಯಿತು. ಕೆಲವರ ನೋಟದಲ್ಲಿ ಬೇರೆ ಪ್ರಶ್ನೆಯೂ ಇತ್ತು. ಒಂದು ಮಗುವಿನ ತಂದೆ ಕೇಳಿಯೇಬಿಟ್ಟ: "ನಿಮಗೇನೂ ಗೊತ್ತೇ ಇರ್ಲಿಲ್ವಾ? ಒಂದೇ ಕೋಣೇಲಿದ್ರಂತಲ್ಲ?"

ಅದೇ ಪ್ರಶ್ನೆ ಅವಳನ್ನೂ ತಿನ್ನುತ್ತಿತ್ತು. ಕೊನೆಗೆ ಒಂದು ರಜೆಯ ದಿನ ಬಸ್ಸು ಹತ್ತಿ ಕೊನೆಯವಳ ಮನೆಗೆ ಹೋದಳು.

ಕೊನೆಯವಳು ಆಟದ ಸಾಮಾನು ಮಾರುವ ಅಂಗಡಿಯಲ್ಲಿ ಬೂಟಿನ ವಿಭಾಗ ನೋಡಿಕೊಳ್ಳುತ್ತಿದ್ದಳು. ಸುದ್ದಿ ಬಂದ ಮೇಲೆ ಅಲ್ಲಿಂದ ತೆಗೆದಿದ್ದರು. ಬಾಗಿಲು ತೆರೆದವಳನ್ನು ನೋಡಿ ಮೂರನೆಯವಳು ತಾನು ಬೈಯಲೆಂದು ಕೂಡಿಟ್ಟ ಮಾತನ್ನೆಲ್ಲ ಮರೆತಳು. ತಲೆ ಬಾಚಿರಲಿಲ್ಲ. ಕಿಟಕಿಯ ಪರದೆಗಳು ಹಗಲಲ್ಲೂ ಮುಚ್ಚಿದ್ದವು.

"ಬೈಯೋಕೆ ಬಂದ್ಯಾ? ಒಳಗೆ ಬಂದು ಬೈ. ಅಕ್ಕಪಕ್ಕದವರು ಈಗಾಗಲೇ ಬೇಕಾದಷ್ಟು ಕೇಳಿದ್ದಾರೆ."

ಇಬ್ಬರೂ ಅಡುಗೆಮನೆಯ ಮೇಜಿನ ಎರಡು ಬದಿ ಕೂತರು.

"ನಿನಗೆ ಗೊತ್ತಿತ್ತಾ?" ಮೂರನೆಯವಳು ಕೇಳಿದಳು. "ಯಾರಾದ್ರೂ ವಿಟಮಿನ್ ಅಂತ ಹೇಳಿ ಕೊಟ್ರಾ? ಹಾಗಿದ್ರೆ ಹೇಳ್ಬಿಡು. ನಾನು ನಂಬ್ತೀನಿ."

ಕೊನೆಯವಳು ಇಲ್ಲವೆಂದು ತಲೆಯಾಡಿಸಿದಳು. "ಎಲ್ಲರೂ ಹಾಗೇ ಹೇಳು ಅಂದ್ರು. ವಕೀಲರೂ ಅದನ್ನೇ ಹೇಳ್ಕೊಟ್ರು. ನಿನ್ನ ಮುಂದೆ ಹೇಗೆ ಹೇಳ್ಲಿ? ಗೊತ್ತಿತ್ತು ಕಣೇ. ಆ ವರ್ಷ ನನ್ನ ಓಟ ಕಮ್ಮಿ ಆಗ್ತಾ ಇತ್ತು. ಕೊನೇ ಸುತ್ತಿನಿಂದ ತೆಗೀತಾರೆ ಅಂತ ಭಯ. ಒಬ್ಬರ ಹತ್ರ ಹೋದೆ, ಅವರು ಕೊಟ್ರು, ತಗೊಂಡೆ. ಯಾರೂ ಬಲವಂತ ಮಾಡ್ಲಿಲ್ಲ."

"ನನ್ನ ಹತ್ರ ಒಂದು ಮಾತು ಹೇಳ್ಲಿಲ್ಲ."

"ಹೇಳಿದ್ರೆ ನೀನು ಬೇಟನ್ ಕೊಡ್ತಿದ್ಯಾ?"

ಮೂರನೆಯವಳು ತನ್ನ ಅಂಗೈ ನೋಡಿಕೊಂಡಳು.

"ಮೊದಲ ದಿನ, ಪ್ರಮಾಣ ಓದುವಾಗ," ಎಂದು ಕೊನೆಯವಳು ಮೇಜಿನ ಅಂಚನ್ನು ಉಜ್ಜುತ್ತ ಹೇಳಿದಳು, "ನಾನು ಬಗ್ಗಿ ಬೂಟಿನ ದಾರ ಕಟ್ತಾ ಇದ್ದೆ. ನೀನು ನನ್ನ ಭುಜ ತಟ್ಟಿ, ಏಳೇ, ಎಲ್ಲರೂ ನೋಡ್ತಾರೆ ಅಂದೆ. ದಾರ ಬಿಚ್ಚಿರ್ಲಿಲ್ಲ. ನಿಂತ್ಕೊಂಡು ಅದನ್ನ ಕೇಳೋಕೆ ಆಗ್ಲಿಲ್ಲ, ಅಷ್ಟೇ."

ಮೂರನೆಯವಳಿಗೆ ಅದು ನೆನಪಾಯಿತು. ಎಲ್ಲರಿಗೂ ಹೇಳುತ್ತ ಬಂದ ಆ ಮೌನದ ನಡುವೆ ತನ್ನ ಗೆಳತಿ ಬಗ್ಗಿ ಕೂತಿದ್ದ ಚಿತ್ರ. ಇಷ್ಟು ವರ್ಷ ಅದನ್ನು ಒಂದು ತಮಾಷೆಯೆಂದು ಇಟ್ಟುಕೊಂಡಿದ್ದಳು.

ಅವಳು ಎದ್ದಳು. ಬಾಗಿಲ ಬಳಿ ಕೊನೆಯವಳು, "ಏನಾದ್ರೂ ಅನ್ನೇ," ಎಂದಳು.

"ಏನನ್ನಲಿ? ನನ್ನ ಜೀವಮಾನದ ಒಂದೇ ಒಂದು ಒಳ್ಳೇ ಓಟ ಅದು. ಯಾರ ಹತ್ರ ಹೇಳ್ಕೊಂಡ್ರೂ ಇನ್ಮೇಲೆ ನಂಬಲ್ಲ."

ಬಸ್ಸಿನಲ್ಲಿ ಕೂತಾಗ ಅಳು ಬರಲಿಲ್ಲ. ಯೋಚನೆ ಪೂರಾ ಬೇರೆ ಕಡೆ ಹೋಗಿತ್ತು. ಆ ಗಾಯದ ಗೆರೆಯ ಹುಡುಗಿ, ಬೂಟು ಕೈಯಲ್ಲಿ ಹಿಡಿದು ಕೂತವಳು. ಅವಳೂ ತನ್ನ ಸುತ್ತನ್ನು ಜೀವ ಬಿಟ್ಟು ಓಡಿದ್ದಳಲ್ಲ. ಅವಳು ಮನೆಗೆ ಹೋಗಿ ಏನು ಹೇಳಿಕೊಂಡಿದ್ದಾಳು? ನಾಲ್ಕನೆಯ ಸ್ಥಾನಕ್ಕೆ ಪೀಠವಿಲ್ಲ, ಬಾವುಟವಿಲ್ಲ. ಅಷ್ಟು ವರ್ಷ ಅವಳ ಬಗ್ಗೆ ಒಮ್ಮೆಯೂ ಯೋಚಿಸಿರಲಿಲ್ಲವೆಂಬುದು ಮೂರನೆಯವಳನ್ನು ಚುಚ್ಚಿತು.

ಮನೆಗೆ ಬಂದು ಅಮ್ಮನ ಎದುರು ಕೂತು ಎಲ್ಲವನ್ನೂ ಹೇಳಿದಳು. ಕೊನೆಯವಳು ಒಪ್ಪಿಕೊಂಡದ್ದನ್ನು ಕೇಳಿ ಅಮ್ಮ ಹಲ್ಲು ಕಡಿದಳು. "ಹಾವಿಗೆ ಹಾಲೆರೆದೆ ನಾನು. ಎಷ್ಟು ಸಲ ನನ್ನ ಕೈಯಾರೆ ಬಡಿಸಿದ್ದೀನಿ ಅವಳಿಗೆ." ಆದರೆ ಮಗಳು ಆ ಇನ್ನೊಂದು ದೇಶದ ಹುಡುಗಿಯ ಮಾತೆತ್ತಿದಾಗ ಅವಳ ಕಡೆ ಪೂರ್ತಿ ತಿರುಗಿದಳು.

"ನೆಲದ ಮೇಲೇ ಕೂತಿದ್ಲಾ?"

"ಹೂಂ. ಎದ್ದೇಳ್ಲೇ ಇಲ್ಲ."

"ನಾನು ನೋಡ್ಲಿಲ್ಲ. ನಾನು ನಿನ್ನೇ ನೋಡ್ತಿದ್ದೆ." ಅಮ್ಮ ಕೇಳಿದಳು: "ಅವಳಿಗೆ ತಾಯಿ ಇದ್ಲಾ?"

"ಅದೆಲ್ಲ ನನಗೆ ಹೇಗಮ್ಮ ಗೊತ್ತಾಗುತ್ತೆ?"

"ಇದ್ದೇ ಇರ್ತಾಳೆ. ಎಲ್ಲೋ ಒಂದು ಟಿವಿ ಮುಂದೆ ನಿಂತಿರ್ತಾಳೆ." ಅಮ್ಮ ಕುರ್ಚಿಯಲ್ಲಿ ಮಗ್ಗುಲು ಬದಲಿಸಿದಳು. "ನಾನು ಬೀದಿಯವರಿಗೆಲ್ಲ ತೋರಿಸ್ತಾ ಇದ್ದಾಗ ಆ ಹೆಂಗಸಿಗೆ ತೋರಿಸೋಕೆ ಏನೂ ಇರ್ಲಿಲ್ಲ ಅಲ್ವಾ."

ಮಗಳು ಎದ್ದು ಕಪಾಟಿನ ಬಾಗಿಲು ತೆರೆದಳು; ಅಮ್ಮ ತಡೆಯಲಿಲ್ಲ.

ಸಂಘದ ಕಚೇರಿ ಹಳೆಯ ಕ್ರೀಡಾಂಗಣದ ಮೆಟ್ಟಿಲುಗಳ ಕೆಳಗೆ, ಇಳಿಜಾರು ಚಾವಣಿಯ ಒಂದು ಕೋಣೆ. ಅಮ್ಮನೂ ಜೊತೆಗೆ ಬಂದಳು; ಬರಬೇಡವೆಂದರೆ ಕೇಳುವವಳಲ್ಲ. ಪದಕವನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ತನ್ನ ಕೈಚೀಲದಲ್ಲಿಟ್ಟುಕೊಂಡಿದ್ದಳು. ಕಾರ್ಯದರ್ಶಿ ಎದ್ದು ನಿಂತು ಇಬ್ಬರಿಗೂ ಕುರ್ಚಿ ಎಳೆದರು. ಹಾಕಬೇಕಾದ ಸಹಿಗಳು ಮುಗಿದ ಮೇಲೆ ಅವರು ಪದಕಕ್ಕಾಗಿ ಕೈ ಚಾಚಿದರು. ಅಮ್ಮ ಅವರ ಕೈಗೆ ಕೊಡಲಿಲ್ಲ. ಮಗಳ ಕಡೆ ತಿರುಗಿದಳು.

"ಒಂದ್ಸಲ ಹಾಕ್ಕೋ."

"ಅಮ್ಮಾ, ಇದು ಇನ್ನು ನನ್ನದಲ್ಲ."

"ಗೊತ್ತು. ಅವತ್ತು ಯಾರೋ ಕೋಟು ಹಾಕ್ಕೊಂಡವರು ನಿನ್ನ ಕೊರಳಿಗೆ ಹಾಕಿದ್ರು, ನಾನು ದೂರದಿಂದ ನೋಡ್ದೆ. ತೆಗೆಯೋದಾದ್ರೂ ನನ್ನ ಕೈಯಲ್ಲಿ ಆಗ್ಲಿ."

ಕಾರ್ಯದರ್ಶಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು. ಮಗಳು ತಲೆ ಬಗ್ಗಿಸಿದಳು. ಅಮ್ಮ ಪದಕ ಹಾಕಿದಳು, ಎದೆಯ ಮೇಲೆ ಅದನ್ನು ನೇರ ಮಾಡಿದಳು, ಒಂದು ಕ್ಷಣ ನೋಡಿದಳು. ಆಮೇಲೆ ಕೂದಲಿಗೆ ಸಿಕ್ಕದಂತೆ ಜೋಪಾನವಾಗಿ ತೆಗೆದು ಮೇಜಿನ ಮೇಲೆ ಇಟ್ಟಳು. "ಪಟ್ಟಿಗೆ ಜಾಸ್ತಿ ಬಿಸಿ ತಾಗಿಸ್ಬೇಡಿ ಅಂತ ಹೇಳಿ ಅವರಿಗೆ," ಎಂದು ಕಾರ್ಯದರ್ಶಿಗೆ ಹೇಳಿದಳು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತಳು. ಮಗಳು ಪಕ್ಕದಲ್ಲಿ ಕೂತು ಬೆನ್ನು ಸವರಿದಳು.

ಮೊದಲನೆಯವಳ ಪದಕ ಕೆಲವು ತಿಂಗಳ ಮೇಲೆ ತಾನಾಗಿಯೇ ಸಿಕ್ಕಿತು. ಎರಡನೆಯವಳ ಮೊಕದ್ದಮೆ ಬಿದ್ದುಹೋಯಿತು. ಕೊನೆಯವಳು ತನ್ನದನ್ನು ಎಲ್ಲರಿಗಿಂತ ಮೊದಲೇ ಕಳಿಸಿದ್ದಳೆಂದು ಆಮೇಲೆ ತಿಳಿಯಿತು. ಪ್ಲಾಸ್ಟರ್ ಕೋಣೆಯಲ್ಲಿ ಕೆಲಸ ನಡೆದೇ ಇತ್ತು. ಜನ ಮೂಳೆ ಮುರಿದುಕೊಳ್ಳುವುದನ್ನು ಯಾವ ಸುದ್ದಿಗಾಗಿಯೂ ನಿಲ್ಲಿಸುವುದಿಲ್ಲ.

ಮುಂದಿನ ಕ್ರೀಡಾಕೂಟದಲ್ಲಿ, ಒಂದು ಸಂಜೆ ಓಟಗಳ ನಡುವೆ, ಹಳೆಯ ಪದಕಗಳನ್ನು ಸಲ್ಲಬೇಕಾದವರಿಗೆ ಕೊಡುವ ಸಣ್ಣ ಸಮಾರಂಭವಿತ್ತು. ಕಾರ್ಯದರ್ಶಿ ಮುಂಚೆಯೇ ತಿಳಿಸಿದ್ದರು. ಮನೆಯವರೆಲ್ಲ ಟಿವಿ ಮುಂದೆ ಕೂತರು. ನಾಲ್ವರು ಹೆಂಗಸರು ಪೀಠ ಹತ್ತಿದರು. ಒಬ್ಬಳ ಮೈ ತುಂಬಿಕೊಂಡಿತ್ತು, ಇನ್ನೊಬ್ಬಳ ಸೊಂಟದಲ್ಲಿ ಕೂಸಿತ್ತು. ಅಂದಿನ ಆ ಉದ್ದನೆಯ ಹುಡುಗಿಯ ಹಣೆಯ ಗೆರೆ ಪರದೆಯಲ್ಲೂ ಕಾಣುತ್ತಿತ್ತು. ಕಂಚು ಕೊರಳಿಗೆ ಬಿದ್ದಾಗ ಅವಳು ನಗಲಿಲ್ಲ. ಪದಕವನ್ನು ಎರಡೂ ಕೈಯಲ್ಲಿ ಹಿಡಿದು ಅದರ ತೂಕ ನೋಡುವವಳಂತೆ ನಿಂತಳು.

ನಮ್ಮವಳು ಫೋನು ತೆಗೆದು, ಅಷ್ಟು ಕಾಲ ಒತ್ತದ ಸಂಖ್ಯೆಯನ್ನು ಒತ್ತಿದಳು.

"ಟಿವಿ ಹಾಕಿದ್ಯಾ?"

"ಹಾಕಿದ್ದೀನಿ," ಎಂದಳು ಕೊನೆಯವಳು.

ಆ ನಾಲ್ವರೂ ಪೀಠದಿಂದ ಇಳಿಯುವವರೆಗೆ ಇಬ್ಬರೂ ಮಾತಾಡಲಿಲ್ಲ, ಫೋನೂ ಇಡಲಿಲ್ಲ.

"ಭಾನುವಾರ ಮನೇಲಿರ್ತೀಯಾ?" ಕೊನೆಯವಳು ಕೇಳಿದಳು.

"ಇರ್ತೀನಿ."

"ಅಮ್ಮ?"

"ಅಮ್ಮ ಎಲ್ಲಿಗೆ ಹೋಗ್ತಾಳೆ?"

"ಹಾಗಾದ್ರೆ ಬೇಡ."

ಅಮ್ಮನ ಕಿವಿ ಚುರುಕು. "ಅವಳೇನಾ?" ಎಂದಳು. ಮಗಳು ಹೌದೆಂದಳು. ಅಮ್ಮ ಪರದೆಯಿಂದ ಕಣ್ಣು ತೆಗೆಯದೆ, "ಬರ್ಲಿ," ಎಂದಳು. "ಎದುರಿಗೆ ಕೂರಿಸ್ಕೊಂಡು ನಾಲ್ಕು ಮಾತು ಬೈದ್ರೇನೇ ನನ್ನ ಹೊಟ್ಟೆ ತಣ್ಣಗಾಗೋದು. ಫೋನಲ್ಲಿ ಬೈದ್ರೆ ರುಚಿ ಇರಲ್ಲ."

ಭಾನುವಾರ ಕೊನೆಯವಳು ಬಂದಳು. ಅಮ್ಮ ಹೇಳಿದಂತೆಯೇ ಬೈದಳು, ನಾಲ್ಕು ಮಾತಲ್ಲ, ಮಧ್ಯಾಹ್ನದವರೆಗೂ. ಅವಳು ತಲೆತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡಳು, ಒಂದಕ್ಕೂ ಎದುರಾಡಲಿಲ್ಲ. ಆಮೇಲೆ ಅಮ್ಮ ಎದ್ದು, ಊಟಕ್ಕೆ ತಟ್ಟೆಗಳನ್ನು ಹಾಕುತ್ತ, "ಕೈ ತೊಳ್ಕೊಂಡು ಬಾ," ಎಂದಳು.